ರಾತ್ರಿ ಹೊತ್ತು ಕಾಯಿಲೆ ಬಂದರೆ?



ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಚೀಟಿ ಕೊಡುವುದು ಸಾಮಾನ್ಯವಾಗಿ ಸಂಜೆಯವರೆಗೆ ಮಾತ್ರ. ಆದರೆ ಕಾಯಿಲೆ ಗಡಿಯಾರ ನೋಡಿ ಬರುತ್ತದೆಯೇ? "ಬೆಳಗಾಗಲಿ, ನೋಡೋಣ" ಅನ್ನುವುದು ಯಾವಾಗ ಸರಿ, ಯಾವಾಗ ಅಪಾಯ ಎಂದು ಈ ವಾರ ತಿಳಿಯೋಣ.

ಎಲ್ಲಾ ಕೇಂದ್ರಗಳೂ ರಾತ್ರಿ ಮುಚ್ಚಿರುವುದಿಲ್ಲ. 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಬಂದ ಮೇಲೆ ಕೆಲವನ್ನು ಹೆರಿಗೆಗಾಗಿ 24 ಗಂಟೆಯ ಕೇಂದ್ರಗಳನ್ನಾಗಿ ಮಾಡಿದರು. ನಿಮ್ಮದು ಅಂಥದ್ದೋ ಅಲ್ಲವೋ ಅಂತ ಆಶಾ ಕಾರ್ಯಕರ್ತೆಯನ್ನು ಹಗಲಲ್ಲೇ ಕೇಳಿಟ್ಟುಕೊಳ್ಳಿ.

ಮಗುವಿಗೆ ಬೇಧಿಯಾಗುತ್ತಿದೆ, ಆದರೆ ಚೆನ್ನಾಗಿ ಕುಡಿಯುತ್ತಿದೆ, ಆಡುತ್ತಿದೆ ಎಂದರೆ ಬೆಳಗಿನವರೆಗೆ ಮನೆಯಲ್ಲೇ ನೋಡಿಕೊಳ್ಳಬಹುದು. ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಒಂದು ಓ.ಆರ್.ಎಸ್. ಪೊಟ್ಟಣ ಪೂರ್ತಿ ಹಾಕಿ ಕದಡಿ, ಚಮಚದಲ್ಲಿ ಆಗಾಗ ಕುಡಿಸಿ. ಪೊಟ್ಟಣ ಇಲ್ಲದಿದ್ದರೆ ಅಷ್ಟೇ ನೀರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಎದೆಹಾಲು ನಿಲ್ಲಿಸಬೇಡಿ.

ಆದರೆ ಮಗು ಹಾಲನ್ನೇ ಕುಡಿಯದಿದ್ದರೆ, ಕುಡಿದದ್ದೆಲ್ಲಾ ವಾಂತಿಯಾದರೆ, ಫಿಟ್ಸ್ ಬಂದರೆ, ಎಬ್ಬಿಸಿದರೂ ಏಳದಿದ್ದರೆ, ಉಸಿರೆಳೆದಾಗ ಪಕ್ಕೆ ಒಳಗೆ ಹೋದರೆ ಒಂದು ಗಳಿಗೆಯೂ ಕಾಯಬಾರದು. ಗರ್ಭಿಣಿಗೆ ರಕ್ತಸ್ರಾವ, ಫಿಟ್ಸ್, ತೀವ್ರ ತಲೆನೋವಿನ ಜೊತೆ ಕಣ್ಣು ಮಂಜಾಗುವುದು ಕಂಡರೂ ಅಷ್ಟೇ. ಇಂಥ ಹೊತ್ತಿನಲ್ಲಿ ಪಕ್ಕದೂರಿನ ಪದವಿಯಿಲ್ಲದ 'ಡಾಕ್ಟರ'ರಿಂದ ಒಂದು ಸೂಜಿ ಚುಚ್ಚಿಸಿ ಬರೋಣ ಅನ್ನುತ್ತಾರಲ್ಲ, ಅದೇ ನಮಗೆ ದೊಡ್ಡ ಭಯ. ನೋವು ಅಡಗುತ್ತದೆ, ಹೊತ್ತು ಕಳೆದುಹೋಗುತ್ತದೆ.

ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟಬೇಡಿ, ಕೊಯ್ಯಬೇಡಿ, ಬಾಯಿಂದ ಹೀರಬೇಡಿ, ನಾಟಿ ಔಷಧಿಗೆ ಅಲೆಯಬೇಡಿ. ಕೈಕಾಲು ಅಲುಗಾಡದಂತೆ ಮಲಗಿಸಿ, ವಿಷಕ್ಕೆ ಮದ್ದಿರುವ ಆಸ್ಪತ್ರೆಗೆ ನೇರವಾಗಿ ಒಯ್ಯಿರಿ.

108 ಆಂಬ್ಯುಲೆನ್ಸ್ ನಮ್ಮ ರಾಜ್ಯದಲ್ಲಿ 2008ರಿಂದ ಇದೆ. ಹಗಲು ರಾತ್ರಿ ಉಚಿತ. ಊರಿನ ಹೆಸರಿನ ಜೊತೆ ಶಾಲೆ, ಹಾಲಿನ ಡೈರಿ, ನೀರಿನ ಟ್ಯಾಂಕು ಹೀಗೆ ಗುರುತು ಹೇಳಿ. ಒಬ್ಬರು ಟಾರ್ಚ್ ಹಿಡಿದು ರಸ್ತೆಗೆ ಬಂದು ನಿಲ್ಲಲಿ. ಗಾಡಿ ಬರುವುದು ತಡವಾಗುತ್ತದೆ ಎಂದರೆ ಊರಿನ ಆಟೋವನ್ನೇ ಹಿಡಿಯಿರಿ.

ಇನ್ನು ದುಡ್ಡಿನ ಮಾತು. ಸಂಘದ ಹಣ ಬ್ಯಾಂಕಿನಲ್ಲಿ, ತೆಗೆಯಲು ಇಬ್ಬರ ಸಹಿ. ರಾತ್ರಿ ಹನ್ನೆರಡಕ್ಕೆ ಏನು ಮಾಡ್ತೀರಿ? ಒಂದೆರಡು ಸಾವಿರ ರೂಪಾಯಿ ತುರ್ತು ಹಣವನ್ನು ಒಬ್ಬ ಸದಸ್ಯೆಯ ಬಳಿ ಇಡಬಹುದು. ಯಾರ ಬಳಿ, ಎಷ್ಟು, ಎಷ್ಟು ದಿನದಲ್ಲಿ ಹಿಂತಿರುಗಿಸಬೇಕು ಎಂದು ನಡಾವಳಿ ಪುಸ್ತಕದಲ್ಲಿ ಠರಾವು ಬರೆದು ಎಲ್ಲರೂ ಸಹಿ ಹಾಕಿ. ಆಶಾ ಕಾರ್ಯಕರ್ತೆ, ಆಟೋದವರು, ಹತ್ತಿರದ 24 ಗಂಟೆಯ ಆಸ್ಪತ್ರೆ, ಈ ಮೂರು ನಂಬರುಗಳನ್ನು ದೊಡ್ಡ ಅಕ್ಷರದಲ್ಲಿ ಬರೆದು ಮುಂದಿನ ಸಭೆಗೆ ತನ್ನಿ. ಪ್ರತಿ ಮನೆಯ ಬಾಗಿಲ ಹಿಂದೆ ಅಂಟಿಸೋಣ.