ಒಂದು ಭಾಷೆ, ಮೂರು ಲಿಪಿ: ಬೆಲಾರುಸಿಯನ್ ಜೊತೆ ಒಂದು ಸಣ್ಣ ಪಾಠ

ಹೋದ ಸೆಮಿಸ್ಟರ್‌ನಲ್ಲಿ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕ್ತಿದ್ದೆ. ಕನ್ನಡ ಲೊಕೇಲ್ ಆನ್ ಮಾಡೋಣ ಅಂತ ಆ ಉದ್ದನೆಯ ಪಟ್ಟಿಯಲ್ಲಿ ಕೆಳಗೆ ಇಳೀತಾ ಇದ್ದಾಗ ಬೆಲಾರುಸಿಯನ್ ಭಾಷೆಯ ಹೆಸರು ಎರಡು ಸಲ ಕಂಡಿತು. ಎರಡನೆಯದಕ್ಕೆ 'ಲ್ಯಾಟಿನ್' ಅನ್ನೋ ಬಾಲ ಬೇರೆ. ಕನ್ನಡಕ್ಕೆ ಇಂಥ ಬಾಲ ಇಲ್ಲ. ಒಂದೇ ಭಾಷೆಗೆ ಯಾಕಪ್ಪಾ ಎರಡು ಲಿಪಿ ಅಂತ ಹುಡುಕೋಕೆ ಹೋದೆ. ಸಿಕ್ಕಿದ್ದು ಎರಡಲ್ಲ, ಮೂರು.

ಮೊದಲು ಭಾಷೆ ಬಗ್ಗೆ ಎರಡು ಮಾತು. ರಷ್ಯನ್, ಉಕ್ರೇನಿಯನ್, ಬೆಲಾರುಸಿಯನ್ ಮೂರೂ ಪೂರ್ವ ಸ್ಲಾವಿಕ್ ಗುಂಪಿನವು. ಈಗ ಮುಖ್ಯವಾಗಿ ಬಳಸೋದು ಸಿರಿಲಿಕ್ ಲಿಪಿ. ಆದರೆ ಅಕ್ಷರ ರಷ್ಯನ್ ಥರ ಕಂಡ ಮಾತ್ರಕ್ಕೆ ಸದ್ದು ಅದೇ ಅಲ್ಲ. ಒಂದು ಊರಿನ ಹೆಸರು ತಗೊಳ್ಳಿ. ರಷ್ಯನ್‌ನಲ್ಲಿ 'ಗ್ರೊದ್ನೊ', ಬೆಲಾರುಸಿಯನ್‌ನಲ್ಲಿ 'ಹ್ರೊದ್ನಾ'. ಮೊದಲ ಅಕ್ಷರ ಎರಡು ಭಾಷೆಯಲ್ಲೂ ಒಂದೇ, ಆದರೆ ಅವರು 'ಗ' ಅಂತಾರೆ, ಇವರು 'ಹ'ಕ್ಕೆ ಹತ್ತಿರ ಉಚ್ಚರಿಸ್ತಾರೆ. ಕೊನೆಯ 'ಒ' ಇಲ್ಲಿ 'ಆ' ಆಗಿದೆ. ಹಾಲಿಗೆ ರಷ್ಯನ್ನರು 'ಮೊಲೊಕೊ' ಅಂತ ಬರೆದು 'ಮಲಕೊ' ಅಂತ ಓದ್ತಾರೆ. ಬೆಲಾರುಸಿಯನ್‌ನಲ್ಲಿ ಬರೆಯೋದೂ 'ಮಲಕೊ'. ಈ ವಿಷಯದಲ್ಲಿ ಅದು ನಮ್ಮ ಕಡೆ. ಇಂಗ್ಲಿಷ್ ಸ್ಪೆಲ್ಲಿಂಗ್ ಬಾಯಿಪಾಠ ಮಾಡಿ ಬೆಳೆದ ನನಗೆ ಇದನ್ನ ನೋಡಿ ಖುಷಿ ಆಯ್ತು.

ಅವರ ಹೆಮ್ಮೆಯ ಅಕ್ಷರವೂ ಒಂದಿದೆ. ಇಂಗ್ಲಿಷ್‌ನ ವೈ ಥರದ ಆಕಾರ, ತಲೆ ಮೇಲೆ ಪುಟ್ಟ ಬಟ್ಟಲು. ಸದ್ದು ಚಿಕ್ಕ 'ಉ', ನಮ್ಮ 'ಔ' ಕೊನೆಯಲ್ಲಿ ಬರುತ್ತಲ್ಲ, ಆ ಥರ. ತೋಳಕ್ಕೆ ರಷ್ಯನ್‌ನಲ್ಲಿ 'ವೋಲ್ಕ್', ಇಲ್ಲಿ 'ವೌಕ್'. ಪೋಲತ್ಸ್ಕ್ ಊರಿನಲ್ಲಿ 2003ರಿಂದ ಈ ಅಕ್ಷರಕ್ಕೊಂದು ಸ್ಮಾರಕವೇ ಇದೆ. ಅದೇ ಊರಿನ ಫ್ರಾನ್ಸಿಸ್ಕ್ ಸ್ಕಾರಿನಾ 1517ರಲ್ಲಿ ಪ್ರಾಗ್‌ನಲ್ಲಿ ಬೈಬಲಿನ ಕೀರ್ತನೆಗಳನ್ನು ಸಿರಿಲಿಕ್‌ನಲ್ಲಿ ಅಚ್ಚು ಹಾಕಿಸಿದ. ಚರ್ಚಿನ ಭಾಷೆಗೆ ತನ್ನ ನಾಡಿನ ಮಾತು ಬೆರೆಸಿ ಮುದ್ರಿಸಿದವನು ಅವನು.

ಎರಡನೆಯ ಲಿಪಿ ನಾನು ಊಹೆ ಕೂಡ ಮಾಡಿರದಿದ್ದದ್ದು: ಅರೇಬಿಕ್. 14ನೇ ಶತಮಾನದಿಂದ ಈ ಪ್ರದೇಶಕ್ಕೆ ಬಂದು ನೆಲೆಸಿದ ತಾತಾರ್ ಮುಸ್ಲಿಮರು ಕಾಲಕ್ರಮೇಣ ತಮ್ಮ ತುರ್ಕಿ ಭಾಷೆ ಬಿಟ್ಟು ಅಕ್ಕಪಕ್ಕದವರ ಮಾತನ್ನೇ ಆಡತೊಡಗಿದರು. ಲಿಪಿ ಮಾತ್ರ ಬಿಡಲಿಲ್ಲ. ಹಾಗಾಗಿ ಪ್ರಾರ್ಥನೆ, ಪ್ರವಾದಿಗಳ ಕತೆ ಎಲ್ಲ ಬೆಲಾರುಸಿಯನ್‌ನಲ್ಲಿ, ಆದರೆ ಬಲದಿಂದ ಎಡಕ್ಕೆ. ಈ ಕೈಬರಹದ ಪುಸ್ತಕಗಳಿಗೆ 'ಕಿತಾಬ್' ಅಂತಲೇ ಹೆಸರು. ಅರೇಬಿಕ್‌ನಲ್ಲಿ ಇಲ್ಲದ 'ದ್ಜ್', 'ತ್ಸ್' ಸದ್ದುಗಳಿಗೆ ಹಳೆಯ ಅಕ್ಷರದ ಕೆಳಗೆ ಮೂರು ಚುಕ್ಕಿ ಇಟ್ಟು ಹೊಸ ಅಕ್ಷರ ಮಾಡಿಕೊಂಡರು. ನಾವು 'ಫ'ದ ಕೆಳಗೆ ಎರಡು ಚುಕ್ಕಿ ಇಟ್ಟು ಫ಼್ಯಾನ್ ಬರೀತೀವಲ್ಲ, ಅದೇ ಉಪಾಯ. ಆ ಅಕ್ಷರಗಳು ಈಗ ಯೂನಿಕೋಡ್‌ನಲ್ಲೂ ಇವೆ. ಇನ್ನೊಂದು ಲಾಭ ಏನಂದ್ರೆ, ಈ ಬರಹಗಾರರಿಗೆ ಸಿರಿಲಿಕ್‌ನ ಹಳೆಯ ಕಾಗುಣಿತದ ಹಂಗಿರಲಿಲ್ಲ. ಕಿವಿಗೆ ಕೇಳಿದ್ದನ್ನೇ ಬರೆದರು. ಆಗಿನ ಜನ ಹೇಗೆ ಮಾತಾಡ್ತಿದ್ದರು ಅಂತ ತಿಳಿಯೋಕೆ ಭಾಷಾ ವಿದ್ವಾಂಸರು ಇವತ್ತೂ ಕಿತಾಬ್‌ಗಳನ್ನ ತೆರೀತಾರೆ.

ಮೂರನೆಯದು ಲ್ಯಾಟಿನ್, ಪೋಲಿಷ್ ಪ್ರಭಾವದಿಂದ ಬಂದದ್ದು. ಬಹುಮಟ್ಟಿಗೆ ಕ್ಯಾಥೊಲಿಕರು ಲ್ಯಾಟಿನ್ ಓದುತ್ತಿದ್ದರು, ಆರ್ಥಡಾಕ್ಸ್ ಪಂಥದವರು ಸಿರಿಲಿಕ್. ಮಾತು ಒಂದೇ, ಆದರೆ ಇವರು ಬರೆದದ್ದು ಅವರಿಗೆ ಓದೋಕೆ ಬರಲ್ಲ. 1906ರಲ್ಲಿ ವಿಲ್ನಿಯಸ್‌ನಲ್ಲಿ ಶುರುವಾದ 'ನಾಶಾ ನೀವಾ' ಪತ್ರಿಕೆ ಇದಕ್ಕೆ ಮಾಡಿದ ಪರಿಹಾರ ನೋಡಿ: ಒಂದೇ ಪತ್ರಿಕೆಯನ್ನ ಎರಡು ಲಿಪಿಯಲ್ಲೂ ಅಚ್ಚು ಹಾಕೋದು! 1912ರವರೆಗೆ ಹಾಗೇ ನಡೆಸಿ, ಆಮೇಲೆ ಸಿರಿಲಿಕ್ ಒಂದನ್ನೇ ಉಳಿಸಿಕೊಂಡರು.

ಇದನ್ನ ಓದುವಾಗ ನಮ್ಮ ಅಜ್ಜಿ ನೆನಪಾದರು. ನಾನು ವಾಟ್ಸಾಪ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ 'ಊಟ ಆಯ್ತಾ' ಅಂತ ಕಳಿಸ್ತಿದ್ದೆ. ಅವರು ಏಳನೇ ಕ್ಲಾಸಿನವರೆಗೆ ಕನ್ನಡ ಶಾಲೆಯಲ್ಲಿ ಓದಿದವರು. ಮೆಸೇಜ್ ಬಂದಾಗಲೆಲ್ಲ ಪಕ್ಕದ ಮನೆ ಹುಡುಗಿಯನ್ನ ಕರೆದು ಓದಿಸಿಕೊಳ್ತಿದ್ದರಂತೆ. ನನಗೆ ಗೊತ್ತಾಗಿದ್ದೇ ಒಂದು ವರ್ಷ ಆದಮೇಲೆ.

ಲಿಪಿ ಜಗಳ ತಣ್ಣಗಾಯ್ತು ಅನ್ನೋ ಹೊತ್ತಿಗೆ ಕಾಗುಣಿತದ ಜಗಳ ಬಂತು. ಬ್ರನಿಸ್ಲಾವ್ ತರಾಶ್ಕೇವಿಚ್ 1918ರಲ್ಲಿ ಬೆಲಾರುಸಿಯನ್ ವ್ಯಾಕರಣ ಬರೆದರು. 1933ರಲ್ಲಿ ಸೋವಿಯತ್ ಸರ್ಕಾರ ಅದನ್ನ ತಿದ್ದಿ ಬರವಣಿಗೆಯನ್ನ ರಷ್ಯನ್‌ಗೆ ಹತ್ತಿರ ತಂದಿತು. 1938ರಲ್ಲಿ ತರಾಶ್ಕೇವಿಚ್ ಅವರನ್ನ ಗುಂಡಿಟ್ಟು ಕೊಂದರು. ವ್ಯತ್ಯಾಸ ಎಷ್ಟು ಚಿಕ್ಕದು ಗೊತ್ತಾ? ಹಿಮ ಅನ್ನೋ ಪದದಲ್ಲಿ 'ಸ' ಮೆತ್ತಗೆ ಉಚ್ಚಾರ ಆಗುತ್ತೆ ಅಂತ ತೋರಿಸೋ ಒಂದು ಚಿಹ್ನೆ ಹಳೆಯ ಕ್ರಮದಲ್ಲಿ ಇದೆ, ಹೊಸದರಲ್ಲಿ ಇಲ್ಲ. ಓದೋದು ಎರಡನ್ನೂ ಒಂದೇ ಥರ. ಆದರೂ ವಿಕಿಪೀಡಿಯದಲ್ಲಿ ಬೆಲಾರುಸಿಯನ್‌ಗೆ ಎರಡು ಪ್ರತ್ಯೇಕ ಆವೃತ್ತಿ ಇವೆ, ಒಂದೊಂದು ಕಾಗುಣಿತಕ್ಕೆ ಒಂದೊಂದು. ನಮ್ಮ ಕ್ಲಾಸಿನ ಟ್ಯಾಬ್ ಮತ್ತು ಸ್ಪೇಸ್ ಜಗಳದ ಥರ ಅಂತ ನಗೋಕೆ ಹೊರಟಿದ್ದೆ. ಆ 1938 ನೆನಪಾಗಿ ಸುಮ್ಮನಾದೆ. 2010ರಿಂದ ಜಾರಿಯಲ್ಲಿರೋ ಕಾನೂನಿನ ಪ್ರಕಾರ ಅಧಿಕೃತ ಕಾಗುಣಿತ ಒಂದೇ.

ನನಗನ್ನಿಸೋದು, ಭಾಷೆಗೆ ಪೆಟ್ಟು ಬಿದ್ದದ್ದು ಮೂರು ಲಿಪಿಯಿಂದ ಅಲ್ಲ. 1995ರ ಜನಮತದ ನಂತರ ರಷ್ಯನ್‌ಗೂ ಸಮಾನ ಸ್ಥಾನ ಸಿಕ್ಕಿತು. ಈಗ ನಗರಗಳಲ್ಲಿ ದಿನದ ಮಾತು ಹೆಚ್ಚಾಗಿ ರಷ್ಯನ್. ಯುನೆಸ್ಕೋದ ಅಪಾಯದಲ್ಲಿರೋ ಭಾಷೆಗಳ ಪಟ್ಟಿಯಲ್ಲಿ ಬೆಲಾರುಸಿಯನ್ ಹೆಸರೂ ಇದೆ. 2015ರಲ್ಲಿ ನೊಬೆಲ್ ಪಡೆದ ಬೆಲಾರುಸ್ ಲೇಖಕಿ ಸ್ವೆತ್ಲಾನಾ ಅಲೆಕ್ಸಿಯೇವಿಚ್ ಬರೆಯೋದು ಕೂಡ ರಷ್ಯನ್‌ನಲ್ಲೇ.

ನೀವೂ ಲಿನಕ್ಸ್ ಬಳಸ್ತಿದ್ರೆ ಒಂದು ಆಟ ಆಡಿ. ಬೆಲಾರುಸಿಯನ್ ಲೊಕೇಲ್ ಹಾಕಿ ನವೆಂಬರ್ ತಿಂಗಳ ಕ್ಯಾಲೆಂಡರ್ ತೆಗೀರಿ. 'ಲಿಸ್ತಪಾದ್' ಅಂತ ಬರುತ್ತೆ, ಅಂದ್ರೆ ಎಲೆ ಉದುರೋ ತಿಂಗಳು. ಲ್ಯಾಟಿನ್ ಬಾಲದ ಲೊಕೇಲ್ ಹಾಕಿದ್ರೂ ಅದೇ ಪದ, ಅಕ್ಷರ ಮಾತ್ರ ಬೇರೆ. ಆಮೇಲೆ ಕನ್ನಡಕ್ಕೆ ಬದಲಾಯಿಸಿದೆ. ಸ್ಕ್ರೀನ್ ಮೇಲೆ ದುಂಡಗೆ ಬಂತು: ನವೆಂಬರ್.