ಮೊಬೈಲಿನಲ್ಲಿ ಕಬ್ಬಿನ ನೋಂದಣಿ: ನಿಮ್ಮ ಅರ್ಜಿ ಈಗ ಯಾರ ಮೇಜಿನ ಮೇಲಿದೆ?

(ಕಬ್ಬು ಅಭಿವೃದ್ಧಿ ಅಧಿಕಾರಿಗಳಿಂದ)



ಈ ಪುಟದಲ್ಲಿ ಬೀಜ, ಗೊಬ್ಬರ, ಸುಳಿ ಕೊರಕದ ವಿಷಯ ಬರೆಯುವುದು ವಾಡಿಕೆ. ಈ ಸಲ ಕಾಗದದ ವಿಷಯ ಬರೆಯುತ್ತಿದ್ದೇನೆ. ಗದ್ದೆಯಲ್ಲಿ ಎಲ್ಲವನ್ನೂ ಸರಿಯಾಗಿ ಮಾಡಿದ ಬೆಳೆಗಾರರು ಅರ್ಜಿಯ ಒಂದೇ ಒಂದು ಚೌಕದಲ್ಲಿ ತಪ್ಪಿ, ಹತ್ತು ಹನ್ನೆರಡು ಟನ್ ಕಬ್ಬಿಗೆ ಕಟಾವು ಚೀಟಿ ಸಿಗದೆ ಒದ್ದಾಡಿದ್ದನ್ನು ಕಂಡಿದ್ದೇನೆ.

ಮೊದಲು ಫೀಲ್ಡ್‌ಮನ್ ದಪ್ಪ ರಜಿಸ್ಟರು ಹಿಡಿದು ಬರುತ್ತಿದ್ದರು. ಅವರು ಬರೆದುಕೊಂಡದ್ದು ಗಟ್ ಆಫೀಸಿಗೆ, ಅಲ್ಲಿಂದ ಕಾರ್ಖಾನೆಯ ಕೃಷಿ ವಿಭಾಗಕ್ಕೆ ಹೋಗಿ, ಕೊನೆಗೆ ಕಟಾವು ಚೀಟಿಯಾಗಿ ಮರಳುತ್ತಿತ್ತು. ಈಗ ಅದೇ ದಾರಿ ಮೊಬೈಲಿನೊಳಗಿದೆ. ಆ್ಯಪಿನ ಹೆಸರು ಕಾರ್ಖಾನೆಗೊಂದು. ನಡೆಯುವ ಕ್ರಮ ಹೆಚ್ಚು ಕಡಿಮೆ ಒಂದೇ. ನೀವು ಅಥವಾ ಫೀಲ್ಡ್‌ಮನ್ ನಮೂನೆ ತುಂಬುತ್ತೀರಿ. ಫೀಲ್ಡ್‌ಮನ್ ಫೋನು ಹಿಡಿದು ಹೊಲದ ಬದುವಿನ ಸುತ್ತ ನಡೆದು ಕ್ಷೇತ್ರ ಅಳೆಯುತ್ತಾರೆ. ಗಟ್ ಅಧಿಕಾರಿ ತಾಳೆ ನೋಡುತ್ತಾರೆ. ಅನಂತರ ನನ್ನಂಥವರು ಮಂಜೂರು ಮಾಡಬೇಕು. ಮಂಜೂರಾದ ಹೆಸರು ಮಾತ್ರ ಕಟಾವಿನ ಪಾಳಿಗೆ ಸೇರುತ್ತದೆ.

ಆದ್ದರಿಂದ ‘ಕಳಿಸಿದ್ದಾಗಿದೆ’ ಎಂಬ ಅಕ್ಷರ ಕಂಡ ಕೂಡಲೇ ಕೆಲಸ ಮುಗಿಯಿತೆಂದು ಫೋನು ಜೇಬಿಗೆ ಹಾಕಕೂಡದು. ಅರ್ಜಿಗೆ ಬಿದ್ದ ನಂಬರನ್ನು ಬರೆದಿಟ್ಟುಕೊಳ್ಳಿ. ನಾಲ್ಕೈದು ದಿನಕ್ಕೊಮ್ಮೆ ಅದರ ಸ್ಥಿತಿ ತೆಗೆದು ನೋಡಿ. ‘ಬಾಕಿ’ ಎಂದಿದ್ದರೆ ಯಾರ ಹತ್ತಿರ ಬಾಕಿ ಎಂಬುದನ್ನೂ ನೋಡಿ. ‘ತಿದ್ದುಪಡಿಗೆ ವಾಪಸು’ ಎಂದಿದ್ದರೆ ಅದು ಆಫೀಸಿನಲ್ಲಿಲ್ಲ, ನಿಮ್ಮ ಬಳಿಗೇ ಬಂದು ಕುಳಿತಿದೆ. ನೀವು ತಿದ್ದಿ ಕಳಿಸುವವರೆಗೆ ಒಂದು ಹೆಜ್ಜೆಯೂ ಮುಂದೆ ಹೋಗದು. ಅರ್ಜಿ ತಿರಸ್ಕಾರವಾಯಿತೆಂದು ತಿಳಿದು ಎಷ್ಟೋ ಜನ ಸುಮ್ಮನಾಗಿಬಿಡುತ್ತಾರೆ.

ಇದು ನಿಮಗೆ ತೀರ ಹೊಸದೇನಲ್ಲ. ಕರ್ನಾಟಕದಲ್ಲಿ 2000ದಿಂದ ‘ಭೂಮಿ’ ಯೋಜನೆಯಲ್ಲಿ ಪಹಣಿ, ಅಂದರೆ ನಮ್ಮ ಕಡೆಯ ಉತಾರ, ಕಂಪ್ಯೂಟರಿಗೆ ಬಂತು. ಅಲ್ಲಿ ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ತೆಗೆದುಕೊಳ್ಳುವಂತೆ ಯಂತ್ರಕ್ಕೇ ಕಟ್ಟು ಹಾಕಿದರು. ಕೆಲಸ ಮಾಡುವ ನೌಕರ ಬೆರಳಚ್ಚು ಕೊಟ್ಟೇ ಒಳಗೆ ಹೋಗಬೇಕು. ಯಾರು, ಯಾವಾಗ ಒಪ್ಪಿದರು ಎಂಬುದಕ್ಕೆ ಗುರುತು ಉಳಿಯಿತು. ಒಪ್ಪಿಗೆಯ ವ್ಯವಸ್ಥೆಯ ಬೆಲೆ ಇರುವುದೇ ಇಲ್ಲಿ. ಕಾಗದ ಬೇಗ ಓಡುತ್ತದೆ ಎಂಬುದಕ್ಕಿಂತ, ಎಲ್ಲಿ ನಿಂತಿದೆ ಎಂದು ತಿಳಿಯುತ್ತದೆ ಎಂಬುದೇ ದೊಡ್ಡದು.

ಇನ್ನು ಚೌಕಗಳ ವಿಷಯ. ಹೆಚ್ಚಿನ ತಪ್ಪು ಆಗುವುದು ಕ್ಷೇತ್ರದ ಚೌಕದಲ್ಲಿ. ಎರಡು ಎಕರೆ ಇಪ್ಪತ್ತು ಗುಂಟೆಯನ್ನು ನಾವು 2-20 ಎಂದು ಬರೆಯುತ್ತೇವೆ. ಅದನ್ನೇ ಮೊಬೈಲಿನಲ್ಲಿ 2.20 ಎಂದು ಒತ್ತಿದರೆ ಯಂತ್ರ ಅದನ್ನು ಎರಡು ಎಕರೆ ಎಂಟು ಗುಂಟೆ ಎಂದು ಓದುತ್ತದೆ. ಗುಂಟೆ 40ಕ್ಕೆ ಒಂದು ಎಕರೆಯಾದ್ದರಿಂದ ಬರೆಯಬೇಕಾದದ್ದು 2.50. ಹೋದದ್ದು 12 ಗುಂಟೆ. ಎಕರೆಗೆ 40 ಟನ್ ಹಿಡಿದರೆ 12 ಟನ್ ಕಬ್ಬು ಲೆಕ್ಕದಿಂದಲೇ ಹೊರಗೆ! ಆ್ಯಪು ಎಕರೆ, ಗುಂಟೆಗೆ ಎರಡು ಬೇರೆ ಚೌಕ ಕೊಟ್ಟಿದೆಯೇ, ಒಂದೇ ಇದೆಯೇ ಎಂದು ಮೊದಲು ನೋಡಿಕೊಳ್ಳಿ. ಗೋವಾದ ಒಂದು ಮತ್ತು ಹದಿನಾಲ್ಕರ ನಮೂನೆಯಲ್ಲಿ ಕ್ಷೇತ್ರ ಹೆಕ್ಟೇರ್, ಆರ್, ಚದರ ಮೀಟರಿನಲ್ಲಿರುತ್ತದೆ. ಒಂದು ಗುಂಟೆ ಎಂದರೆ 101 ಚದರ ಮೀಟರಿಗೆ ಚೂರು ಹೆಚ್ಚು. ಮೇಲೆ ಹೇಳಿದ ಎರಡೂವರೆ ಎಕರೆ ಎಂದರೆ 10,117 ಚದರ ಮೀಟರು.

ನಾಟಿಯ ತಾರೀಖನ್ನು ಅಂದಾಜಿಗೆ ಹಾಕಬೇಡಿ. ಕಟಾವಿನ ಪಾಳಿ ನಿಲ್ಲುವುದೇ ಆ ತಾರೀಖು, ತಳಿ, ಮತ್ತು ಹೊಸ ನಾಟಿಯೋ ಕೂಳೆಯೋ ಎಂಬುದರ ಮೇಲೆ. ಬೇಗ ಪಾಳಿ ಬರಲೆಂದು ಒಂದು ತಿಂಗಳು ಹಿಂದಿನ ತಾರೀಖು ಹಾಕುವವರೂ ಇದ್ದಾರೆ. ಬಲಿಯದ ಕಬ್ಬು ಕಡಿದರೆ ತೂಕವೂ ಹೋಗುತ್ತದೆ, ಇಳುವರಿಯೂ ಹೋಗುತ್ತದೆ. ಜಾಣತನದಲ್ಲಿ ನಷ್ಟವೇ ಹೆಚ್ಚು.

ಘಟ್ಟದ ಕೆಳಗೆ, ಕಾಡಂಚಿನಲ್ಲಿ ನೆಟ್‌ವರ್ಕ್ ಸಿಗದ ಹೊಲಗಳು ಬಹಳ. ಅಲ್ಲಿ ಕೆಲವು ಆ್ಯಪುಗಳು ತುಂಬಿದ ನಮೂನೆಯನ್ನು ಫೋನಿನಲ್ಲೇ ಇಟ್ಟುಕೊಂಡು, ನೆಟ್‌ವರ್ಕ್ ಸಿಕ್ಕಾಗ ಕಳಿಸುತ್ತವೆ. ಹೊಲದ ಫೋಟೋವನ್ನು ಹೊಲದಲ್ಲೇ ನಿಂತು ತೆಗೆಯಬೇಕು. ಮನೆಗೆ ಬಂದು ಹಿತ್ತಲಲ್ಲಿ ತೆಗೆದರೆ ಜಾಗದ ಗುರುತು ಹೊಂದದೆ ಅರ್ಜಿ ವಾಪಸಾಗುತ್ತದೆ. ಊರಿಗೆ ಬಂದ ಮೇಲೆ ಮಾತ್ರ ಆ್ಯಪು ಮತ್ತೊಮ್ಮೆ ತೆರೆದು, ಅದು ನಿಜವಾಗಿ ಹೋಯಿತೇ ಎಂದು ನೋಡಿ.

ನನ್ನದೇ ಒಂದು ತಪ್ಪು ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಬೇರೊಂದು ಕಡೆ ನೌಕರಿಯಲ್ಲಿದ್ದಾಗ ಒಂಬತ್ತು ದಿನ ತರಬೇತಿಗೆ ಹೋದೆ. ನನ್ನ ಬದಲು ಮಂಜೂರು ಮಾಡುವ ಅಧಿಕಾರವನ್ನು ಯಾರಿಗೂ ಕೊಟ್ಟಿರಲಿಲ್ಲ. ಅರ್ಜಿಗಳೆಲ್ಲ ನನ್ನ ಹೆಸರಿನ ಮುಂದೆ ‘ಬಾಕಿ’ ಎಂದು ನಿಂತವು. ಆ ವಾರವೇ ಕಟಾವಿನ ಪಾಳಿ ಮುಚ್ಚಿತು. ಒಬ್ಬ ಹಿರಿಯ ಬೆಳೆಗಾರರ ಹೆಸರು ಪಟ್ಟಿಯ ಬಾಲಕ್ಕೆ ಹೋಗಿ, ಫೆಬ್ರುವರಿಯಲ್ಲಿ ಹೋಗಬೇಕಾದ ಕಬ್ಬು ಏಪ್ರಿಲ್ ಬಿಸಿಲಿನಲ್ಲಿ ಹೋಯಿತು. ತೂಕ ಕಣ್ಣಿಗೆ ಕಾಣುವಷ್ಟು ಇಳಿಯಿತು. ಅವರು ಬಂದು ಜಗಳವಾಡಲಿಲ್ಲ. “ಸಾಹೇಬ್ರ, ಮೊದಲಾದ್ರ ನಿಮ್ಮ ಮೇಜಿನ ಮ್ಯಾಲ ನನ್ನ ಕಾಗದ ಕಾಣತಿತ್ತು, ಕೈ ಮಾಡಿ ತೋರಸತಿದ್ದೆ. ಈಗ ಎಲ್ಲಿ ಅಂತ ತೋರಸಲಿ?” ಎಂದರು. ಅಂದಿನಿಂದ ರಜೆಯ ಮೇಲೆ ಹೋಗುವ ಮೊದಲು ಬದಲಿ ಅಧಿಕಾರಿಯ ಹೆಸರು ಹಾಕದೆ ನಾನು ಊರು ಬಿಡುವುದಿಲ್ಲ. ನೀವೂ ಸರ್ವಸಾಧಾರಣ ಸಭೆಯಲ್ಲಿ ಇದನ್ನು ಕೇಳಬೇಕು: ಪ್ರತಿ ಹಂತಕ್ಕೆ ಎಷ್ಟು ದಿನದ ಗಡುವು? ಗಡುವು ಮೀರಿದರೆ ಅರ್ಜಿ ಯಾರಿಗೆ ಹೋಗುತ್ತದೆ? ಇದನ್ನು ಕೇಳುವುದು ಸದಸ್ಯರ ಹಕ್ಕು.

ಗೋವಾದ ಬೆಳೆಗಾರರಿಗೆ ಇದು ಇನ್ನಷ್ಟು ಮುಖ್ಯ. ರಾಜ್ಯದ ಒಂದೇ ಸಕ್ಕರೆ ಕಾರ್ಖಾನೆಯಾದ ಧಾರಬಾಂದೋಡಾದ ಸಂಜೀವನಿಯಲ್ಲಿ 2019-20ರ ಹೊತ್ತಿಗೆ ನುರಿಸುವುದು ನಿಂತು, ಕಬ್ಬು ಘಟ್ಟ ಹತ್ತಿ ಖಾನಾಪುರದ ಕಡೆಗೆ ಹೋಗತೊಡಗಿತು. ಗಡಿ ದಾಟುವ ಕಬ್ಬಿಗೆ ಎರಡು ರಾಜ್ಯದ ಕಾಗದ, ಎರಡು ಆಫೀಸಿನ ಒಪ್ಪಿಗೆ. ನಮೂನೆಯಲ್ಲಿ ಒಡೆಯರ ಹೆಸರೊಂದು, ಉಳುವವರ ಹೆಸರೊಂದು ಇದ್ದರೆ ಒಪ್ಪಿಗೆ ಪತ್ರವನ್ನು ಮೊದಲ ಸಲವೇ ಜೋಡಿಸಿ. ಬ್ಯಾಂಕ್ ಪಾಸ್‌ಬುಕ್ಕಿನಲ್ಲಿರುವ ಹೆಸರು ಅಕ್ಷರಶಃ ಅರ್ಜಿಯಲ್ಲಿಯೂ ಇರಲಿ.

ಕಟಾವಿನ ಸಂದೇಶ ಬರುವುದು ಫೋನಿಗೆ. ಉತ್ತರ ಪ್ರದೇಶದಲ್ಲಿ ಕಬ್ಬಿನ ಚೀಟಿಯನ್ನು ಎಸ್ಸೆಮ್ಮೆಸ್ಸಿನಲ್ಲಿ ಕಳಿಸತೊಡಗಿದಾಗ, ಸಂದೇಶದ ಪೆಟ್ಟಿಗೆ ತುಂಬಿಕೊಂಡಿದ್ದವರಿಗೆ ಅದು ತಲುಪದೆ, ಪೆಟ್ಟಿಗೆ ಖಾಲಿ ಇಡಿರೆಂದು ಇಲಾಖೆಯೇ ಹೇಳಬೇಕಾಯಿತು. ಮಗನ ನಂಬರು ಕೊಟ್ಟಿದ್ದು, ಮಗ ಪಣಜಿಯಲ್ಲೋ ಪುಣೆಯಲ್ಲೋ ಇದ್ದರೆ, ಟೋಳಿ ಬಂದು ನಿಂತಾಗ ನಿಮಗೆ ಸುದ್ದಿಯೇ ಇರದು. ಓಟಿಪಿಯನ್ನು ಮುಕಾದಮನಿಗಾಗಲಿ, ಗಾಡಿಯ ಡ್ರೈವರನಿಗಾಗಲಿ, ನನಗಾಗಲಿ ಹೇಳಬೇಡಿ. ಅದು ನಿಮ್ಮ ಸಹಿ ಇದ್ದಂತೆ.

ಕಾಟಾ ಚೀಟಿಯನ್ನು ಮಾತ್ರ ಕಾಗದದಲ್ಲೂ ಪಡೆದು ಇಟ್ಟುಕೊಳ್ಳಿ. 1966ರ ಕಬ್ಬು ನಿಯಂತ್ರಣ ಆದೇಶದಂತೆ ಕಬ್ಬು ಒಪ್ಪಿಸಿದ 14 ದಿನದೊಳಗೆ ಬಿಲ್ಲು ಸಂದಾಯವಾಗಬೇಕು. ತಡವಾದರೆ ವರ್ಷಕ್ಕೆ ಶೇಕಡಾ 15ರ ಬಡ್ಡಿ. ಆ 14 ದಿನ ಎಣಿಸಲು ಶುರು ಮಾಡುವುದು ಕಬ್ಬು ಒಪ್ಪಿಸಿದ ತಾರೀಖಿನಿಂದ, ಬಿಲ್ಲು ಮಂಜೂರಾದ ತಾರೀಖಿನಿಂದಲ್ಲ.

ಮೊಬೈಲು ಬಾರದವರು ಸಂಕೋಚಪಡಬೇಕಿಲ್ಲ. ಉತಾರ ಅಥವಾ ಒಂದು-ಹದಿನಾಲ್ಕರ ನಮೂನೆ, ಆಧಾರ್, ಪಾಸ್‌ಬುಕ್ ತೆಗೆದುಕೊಂಡು ಗಟ್ ಆಫೀಸಿಗೆ ಬನ್ನಿ, ಫೀಲ್ಡ್‌ಮನ್ ತುಂಬಿಕೊಡುತ್ತಾರೆ. ತುಂಬಿದ್ದನ್ನು ಗಟ್ಟಿಯಾಗಿ ಓದಿಸಿ ಕೇಳಿ, ಅರ್ಜಿಯ ನಂಬರನ್ನು ಪಾಸ್‌ಬುಕ್ಕಿನ ಹಿಂಬದಿಯಲ್ಲಿ ಬರೆಸಿಕೊಂಡೇ ಹೊರಡಿ.