ರಂಗನತಿಟ್ಟಿನಲ್ಲಿ ಭತ್ತದ ಬೆಳೆಗಾರರು ನೋಡಬೇಕಾದುದು

ನಮ್ಮ ಕಡೆಯ ರೈತರ ಪ್ರವಾಸ ಮೈಸೂರಿನತ್ತ ಹೊರಟರೆ ಕನ್ನಂಬಾಡಿ ಕಟ್ಟೆ, ಬೃಂದಾವನದ ದೀಪ, ಮಂಡ್ಯದ ಕಬ್ಬಿನ ಗದ್ದೆ ಇವು ತಪ್ಪುವುದಿಲ್ಲ. ಶ್ರೀರಂಗಪಟ್ಟಣದ ಮಗ್ಗುಲಲ್ಲೇ ಇರುವ ರಂಗನತಿಟ್ಟಿಗೆ ಹೋಗುವುದೂ ಉಂಟು. ಆದರೆ ಅಲ್ಲಿ ಅರ್ಧ ತಾಸು ದೋಣಿಯಲ್ಲಿ ಕುಳಿತು, ಬಂಡೆಯ ಮೇಲೆ ಬಾಯ್ತೆರೆದ ಮೊಸಳೆಯನ್ನು ಕಂಡು ಸಂತೋಷಪಟ್ಟು ಎದ್ದು ಬರುವವರೇ ಹೆಚ್ಚು. ಸಿಂಧನೂರು, ಲಿಂಗಸುಗೂರು, ಮಸ್ಕಿ ತಾಲ್ಲೂಕುಗಳ ಬೆಳೆಗಾರರೊಂದಿಗೆ ಒಮ್ಮೆ ಅಲ್ಲಿಗೆ ಹೋದಾಗ ನಾನೂ ಹಾಗೆಯೇ ಎದ್ದು ಬರುತ್ತಿದ್ದೆನೇನೋ. ಸಿಂಧನೂರಿನ ಹಿರಿಯ ರೈತರೊಬ್ಬರು ಕೇಳಿದ ಒಂದು ಪ್ರಶ್ನೆಯಿಂದ ಆ ಪ್ರವಾಸ ಪಾಠವಾಯಿತು. ಅದನ್ನು ಮುಂದೆ ಹೇಳುತ್ತೇನೆ.

ತಿಟ್ಟು ಎಂದರೆ ನಮ್ಮ ಗಡ್ಡಿಯೇ

ಮೈಸೂರು ಸೀಮೆಯವರು ತಿಟ್ಟು ಎನ್ನುವುದನ್ನು ಲಿಂಗಸುಗೂರು ತಾಲ್ಲೂಕಿನವರು ಗಡ್ಡಿ ಎನ್ನುತ್ತಾರೆ. ಕೃಷ್ಣೆಯೊಳಗಿನ ಕರಕಲಗಡ್ಡಿ, ಮ್ಯಾದರಗಡ್ಡಿಗಳನ್ನು ಕಂಡವರಿಗೆ ರಂಗನತಿಟ್ಟನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ. ನಾರಾಯಣಪುರದ ಗೇಟು ತೆರೆದಾಗ ಗಡ್ಡಿಯ ಜನ ಹೇಗೆ ದಡದ ಸಂಪರ್ಕ ಕಳೆದುಕೊಳ್ಳುವರೋ, ಹಾಗೆಯೇ ಕನ್ನಂಬಾಡಿಯಿಂದ ನೀರು ಬಿಟ್ಟಾಗ ಈ ತಿಟ್ಟುಗಳ ತಗ್ಗು ಭಾಗಗಳು ಮುಳುಗುತ್ತವೆ, ದೋಣಿ ನಿಲ್ಲುತ್ತದೆ.

ಇವು ಪೂರ್ತಿಯಾಗಿ ಪ್ರಕೃತಿಯೇ ಮಾಡಿದ ನಡುಗಡ್ಡೆಗಳಲ್ಲ. 1645–48ರ ಸುಮಾರಿಗೆ ಕಂಠೀರವ ನರಸರಾಜ ಒಡೆಯರು ಕಾವೇರಿಗೆ ಅಡ್ಡಗಟ್ಟೆ ಕಟ್ಟಿಸಿದಾಗ ನೀರು ನಿಂತು, ನದಿಯ ಎತ್ತರದ ಜಾಗಗಳು ತಿಟ್ಟುಗಳಾಗಿ ಉಳಿದವು. ನೀರಾವರಿಗೆಂದು ಕಟ್ಟಿದ ಕಟ್ಟೆ ಹಕ್ಕಿಗಳಿಗೆ ಮನೆ ಕೊಟ್ಟಿತು. ಪಕ್ಷಿತಜ್ಞ ಸಲೀಂ ಅಲಿ ಅವರ ಸಲಹೆಯಂತೆ ಮೈಸೂರು ಸಂಸ್ಥಾನ 1940ರಲ್ಲಿ ಇದನ್ನು ರಕ್ಷಿತ ತಾಣವೆಂದು ಸಾರಿತು. 2022ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದ ಇದು, ಆ ಮನ್ನಣೆ ಪಡೆದ ಕರ್ನಾಟಕದ ಮೊದಲ ಜೌಗುತಾಣ.

ದೋಣಿಯಲ್ಲಿ ಹೋಗುವಾಗ ಮರದ ತುದಿಯನ್ನು ನೋಡುವ ಮೊದಲು ತಿಟ್ಟಿನ ಬುಡವನ್ನು ನೋಡಬೇಕು. ಪ್ರವಾಹ ಬಂದಾಗಲೆಲ್ಲ ದಂಡೆಯ ಮಣ್ಣು ಕೊಚ್ಚಿಹೋಗಿ, ಬೇರು ಹೊರಬಿದ್ದು, ಗೂಡು ಹೊತ್ತ ಮರ ಹೊಳೆಗೆ ಉರುಳುತ್ತದೆ. ಹೀಗೆ ಹಾಳಾದ ತಿಟ್ಟುಗಳನ್ನು ಮರಳು ಮೂಟೆಗಳ ನೆರವಿನಿಂದ ಮತ್ತೆ ಗಟ್ಟಿಮಾಡಲಾಯಿತು. ಹೊಲದ ಒಡ್ಡು ಒಡೆದಾಗ ನಾವು ಮಾಡುವುದೂ ಇದನ್ನೇ: ಮೊದಲು ಮಣ್ಣು ನಿಲ್ಲಬೇಕು, ಆಮೇಲೆ ಗಿಡ ನಿಲ್ಲುತ್ತದೆ. ಹೊಳೆಮತ್ತಿ, ಬಿದಿರು, ಕೇದಗೆ ಇವುಗಳ ಬೇರು ಮಣ್ಣನ್ನು ಹಿಡಿದಷ್ಟು ದಿನ ಮಾತ್ರ ಮೇಲಿನ ಗೂಡಿಗೆ ಆಯುಷ್ಯ.

ಹಕ್ಕಿಗಳು ದಡದ ಮರ ಬಿಟ್ಟು ನೀರಿನ ನಡುವಿನ ಮರವನ್ನೇ ಆರಿಸುವುದೇಕೆ ಎಂದು ಕೆಲವರು ಕೇಳಿದರು. ಸುತ್ತಲೂ ನೀರಿದ್ದರೆ ನಾಯಿ, ನರಿ, ಕಾಡುಬೆಕ್ಕುಗಳ ಕಾಟ ಕಡಿಮೆ. ಕೆಳಗೆ ಮೊಸಳೆ ಇರುವುದೂ ಒಂದು ಕಾವಲೇ. ಗೂಡಿನಿಂದ ಬಿದ್ದ ಮರಿ ಅದರ ಪಾಲಾಗುವುದು ಕಾವಲಿನ ಕೂಲಿ ಎನ್ನಬಹುದು.

"ಊಟಕ್ಕ ಎಲ್ಲಿ ಹೋಗ್ತಾವ?"

ಮುಂಗಾರು ಭತ್ತದ ಒಕ್ಕಣೆ ಮುಗಿದ ಮೇಲೆ, ಫೆಬ್ರುವರಿಯ ಹೊತ್ತಿಗೆ ಹೋದರೆ ಗೂಡುಗಳ ಕಾಲ ಸಿಗುತ್ತದೆ. ಬೆಳಿಗ್ಗೆ ಮೊದಲ ದೋಣಿಯನ್ನೇ ಹಿಡಿಯಬೇಕು. ದುರ್ಬೀನು ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆ. ಹುಟ್ಟು ಹಾಕುವ ದೋಣಿ ಗೂಡುಗಳ ಸಮೀಪಕ್ಕೇ ಹೋಗುತ್ತದೆ. ದೋಣಿಯವರು ಹೆಸರು ಹೇಳುತ್ತ ಹೋಗುತ್ತಾರೆ: ಬಣ್ಣದ ಕೊಕ್ಕರೆ, ಹೆಜ್ಜಾರ್ಲೆ, ಚಮಚದ ಕೊಕ್ಕಿನ ಹಕ್ಕಿ, ಕೆಂಬರಲು, ನೀರುಕಾಗೆ, ಬರಿ ಬಂಡೆಯ ಮೇಲೆ ಮೊಟ್ಟೆಯಿಡುವ ಹೊಳೆ ರೀವ. ಹೆಸರು ಬರೆದುಕೊಂಡರೆ ಸಾಲದು. ಕೊಕ್ಕನ್ನು ನೋಡಿ ಅದು ಏನು ತಿನ್ನುವುದೆಂದು ಊಹಿಸುವುದು ರೈತನ ಕೆಲಸ.

ಆಗಲೇ ನಮ್ಮ ಹಿರಿಯರು ಕೇಳಿದ್ದು: "ಸಾಹೇಬ್ರ, ಇವು ಇಲ್ಲಿ ಮನಿ ಮಾಡ್ಯಾವ, ಖರೆ. ಇಷ್ಟು ಹಕ್ಕಿ ಊಟಕ್ಕ ಎಲ್ಲಿ ಹೋಗ್ತಾವ?"

ಹೊಳೆಯೊಂದೇ ಅವುಗಳ ಹೊಟ್ಟೆ ತುಂಬಿಸಲಾರದು. ಬಣ್ಣದ ಕೊಕ್ಕರೆ, ನೀರುಕಾಗೆ, ಹೆಜ್ಜಾರ್ಲೆಗಳು ಹೊಳೆ, ಕೆರೆಗಳ ಮೀನನ್ನು ನಂಬಿವೆ. ಆದರೆ ಬೆಳ್ಳಕ್ಕಿ, ಕೆಂಬರಲು, ಬಾಯ್ಕಳಕ ಕೊಕ್ಕರೆಗಳು ಬೆಳಗಾಗುತ್ತಲೇ ವಿರಿಜಾ, ಚಿಕ್ಕದೇವರಾಯ ಸಾಗರ, ವಿಶ್ವೇಶ್ವರಯ್ಯ ನಾಲೆಗಳ ಕೆಳಗಿನ ಭತ್ತದ ಗದ್ದೆಗಳಿಗೂ ಇಳಿಯುತ್ತವೆ. ಬಾಯ್ಕಳಕದ ಕೊಕ್ಕುಗಳ ನಡುವೆ ಅಡಕತ್ತರಿಯಂತೆ ಸಂದು ಇದೆ. ಗದ್ದೆಯ ಶಂಖದ ಹುಳುವನ್ನು ಹಿಡಿದು, ಚಿಪ್ಪನ್ನು ಒಡೆಯದೆ ಒಳಗಿನ ಮಾಂಸವನ್ನು ಬಿಡಿಸಿ ತೆಗೆಯಲು ಇದೇ ಸಲಕರಣೆ. ಇರುಳು ಬಕ ಕಪ್ಪೆ, ಮೀನಿನ ಜೊತೆಗೆ ಬದುವಿಗೆ ಬಿಲ ಕೊರೆದು ನೀರು ಸೋರಿಸುವ ಏಡಿಯನ್ನೂ ತಿನ್ನುತ್ತದೆ. ಗೋವಕ್ಕಿ ನೇಗಿಲ ಹಿಂದೆ, ಈಗ ಟ್ರ್ಯಾಕ್ಟರಿನ ಹಿಂದೆ, ಮಿಡತೆ ಮತ್ತು ಮಣ್ಣಿನ ಹುಳುಗಳನ್ನು ಆರಿಸುತ್ತದೆ. ಆದುದರಿಂದ ಮೂಟೆ ಪೇರಿಸಿ ತಿಟ್ಟನ್ನು ಉಳಿಸಿದ್ದು ಅರ್ಧ ಕೆಲಸ. ಉಳಿದರ್ಧ ಸುತ್ತಲಿನ ಗದ್ದೆಯವರ ಕೈಯಲ್ಲಿದೆ. ತುಂಗಭದ್ರಾ ಎಡದಂಡೆ ಕಾಲುವೆಯ ಗದ್ದೆಗಳಿಗೂ ಇದೇ ಲೆಕ್ಕ ಅನ್ವಯಿಸುತ್ತದೆ. ಅಲ್ಲಿ ಇಳಿಯುವ ಬೆಳ್ಳಕ್ಕಿಗೂ ಎಲ್ಲೋ ಒಂದು ಗೂಡು ಇದ್ದೇ ಇದೆ.

ಹಕ್ಕಿಗಳೆಲ್ಲ ರೈತನ ಮಿತ್ರರೆಂದು ಬರೆಯುವುದು ಸುಲಭ, ಆದರೆ ನಿಜವಲ್ಲ. ಹೊಸದಾಗಿ ನಾಟಿ ಮಾಡಿದ ಗದ್ದೆಯಲ್ಲಿ ದೊಡ್ಡ ಹಕ್ಕಿಗಳ ಹಿಂಡು ಸಸಿ ತುಳಿಯುವುದುಂಟು. ಲಿಂಗಸುಗೂರಿನ ಜೋಳದ ಹೊಲದಲ್ಲಿ ಅಟ್ಟ ಹಾಕಿ ಕವಣೆ ಬೀಸಿದವರಿಗೆ ಗಿಳಿ, ಗುಬ್ಬಿಗಳ ಪ್ರತಾಪ ಗೊತ್ತು. 1915ರಲ್ಲಿ ಬೆಳಕಿಗೆ ಬಂದು ಅಶೋಕನ ಹೆಸರನ್ನು ತೋರಿಸಿಕೊಟ್ಟ ಶಾಸನ ಮಸ್ಕಿಯದು. ಅದೇ ಅರಸ ಉತ್ತರದ ಸ್ತಂಭಶಾಸನದಲ್ಲಿ ಕೊಲ್ಲಬಾರದ ಜೀವಿಗಳ ಪಟ್ಟಿ ಕೊಡುವಾಗ ಗಿಳಿಯನ್ನೂ ಸೇರಿಸಿದ್ದಾನೆ. ಬಸ್ಸಿನಲ್ಲಿ ಇದನ್ನು ಹೇಳಿದಾಗ ಮಸ್ಕಿಯವರೇ, "ಅವ ಜ್ವಾಳ ಕಾದಿದ್ದಿಲ್ಲ ಬಿಡ್ರಿ" ಎಂದು ನಕ್ಕರು. ಕಾಳು ತಿನ್ನುವ ಗೀಜಗ ಕೂಡ ತನ್ನ ಮರಿಗೆ ಹುಳು ತಿನ್ನಿಸುತ್ತದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಗುಳಿಗೆ ಎರಚಿದ ಗದ್ದೆ

ಹಿಂದಿರುಗುವಾಗ ಆ ಹಿರಿಯರು ಕಿಟಕಿಯ ಕಡೆ ಮುಖ ಮಾಡಿ ತಮ್ಮ ಗದ್ದೆಯ ಮಾತು ತೆಗೆದರು. ಕೆಲವು ವರ್ಷಗಳ ಹಿಂದೆ ಕಾಂಡ ಕೊರಕಕ್ಕೆಂದು ನಿಂತ ನೀರಿಗೆ ಗುಳಿಗೆ ಔಷಧಿ ಎರಚಿದ್ದರಂತೆ. ಮರುದಿನ ಬದುವಿನ ಉದ್ದಕ್ಕೂ ಬೆಳ್ಳಕ್ಕಿಗಳು ಸತ್ತು ಬಿದ್ದಿದ್ದವು. ಯಾರಿಗೂ ಹೇಳದೆ ಗುಂಡಿ ತೋಡಿ ಮುಚ್ಚಿದರಂತೆ. "ಹುಳ ಸಾಯಲಿ ಅಂತ ಹಾಕಿದ್ವಿ, ಹುಳ ತಿನ್ನೋರನ್ನ ಕೊಂದ್ವಿ" ಎಂದಷ್ಟೇ ಹೇಳಿ ಸುಮ್ಮನಾದರು.

ಹರಳು ರೂಪದ ಔಷಧಿಗಳಲ್ಲಿ ಕಾರ್ಬೊಫ್ಯುರಾನ್ ಹಕ್ಕಿಗಳಿಗೆ ಎಷ್ಟು ವಿಷವೆಂದರೆ, ಕಾಳೆಂದು ಭ್ರಮಿಸಿ ನುಂಗಿದ ಒಂದೇ ಹರಳು ಸಣ್ಣ ಹಕ್ಕಿಯನ್ನು ಕೊಲ್ಲಬಲ್ಲದು. ವಿಷವುಂಡ ಹುಳು, ಮೀನು, ಏಡಿಗಳ ಮೂಲಕವೂ ಅದು ದೊಡ್ಡ ಹಕ್ಕಿಗಳನ್ನು ಮುಟ್ಟುತ್ತದೆ. ಫೋರೇಟ್ ಔಷಧಿಯನ್ನು ಕೇಂದ್ರ ಸರ್ಕಾರ 2018ರ ಆದೇಶದಂತೆ 2020ರ ಡಿಸೆಂಬರ್ 31ರಿಂದ ನಿಷೇಧಿಸಿದೆ. "ಎಲ್ಲರೂ ಹಾಕುತ್ತಾರೆ" ಎಂದು ಮುಂಚಿತವಾಗಿಯೇ ಗುಳಿಗೆ ಎರಚುವ ರೂಢಿಯನ್ನು ಬಿಡಬೇಕು.

ಕಂದು ಜಿಗಿಹುಳುವಿನ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಸಿಂಥೆಟಿಕ್ ಪೈರೆಥ್ರಾಯ್ಡ್ ಗುಂಪಿನ ಎಣ್ಣೆ ಹೊಡೆದರೆ ಜೇಡ ಮೊದಲಾದ ಪರಭಕ್ಷಕಗಳು ಸತ್ತು ಜಿಗಿಹುಳು ಮತ್ತಷ್ಟು ಹೆಚ್ಚುತ್ತದೆ. ನಾಟಿ ಮಾಡುವಾಗಲೇ ಪ್ರತಿ 2–3 ಮೀಟರಿಗೆ 30 ಸೆಂ.ಮೀ. ಅಗಲದ ಓಣಿ ಬಿಡಬೇಕು. ಇದರಿಂದ ಬೆಳಕು, ಗಾಳಿ ಬುಡಕ್ಕೆ ತಲುಪುತ್ತವೆ. ಹೊಲ ನೋಡಲು ನಮಗೂ, ಹುಳು ಆರಿಸಲು ಹಕ್ಕಿಗೂ ದಾರಿಯಾಗುತ್ತದೆ. ಹುಳು ಕಂಡಾಗ ಗದ್ದೆಯ ನೀರನ್ನು ಬಸಿದು, ಬುಡ ಬಗ್ಗಿಸಿ ಎಣಿಸಿ, ಶಿಫಾರಸಿನ ಮಿತಿ ದಾಟಿದ್ದರೆ ಮಾತ್ರ ಔಷಧಿ. ತೊಗರಿ, ಕಡಲೆ ಬೆಳೆಯುವವರು ಕಾಯಿ ಕೊರಕಕ್ಕೆ ಎಕರೆಗೆ 15–20 ಕವಲು ಕಡ್ಡಿ ನೆಟ್ಟರೆ ಕಾಜಾಣ ಬಂದು ಕೂರುತ್ತದೆ. ಬೆಳೆಯ ತುದಿಗಿಂತ ಕಡ್ಡಿ ಎತ್ತರವಿರಲಿ. ಜೋಳದಲ್ಲಿ ತೆನೆ ಕಾಳು ಕಟ್ಟುವಾಗ ಇಂಥ ಕಡ್ಡಿ ಬೇಡ. ಅದು ಗಿಳಿಗೆ ಆಸನವಾದೀತು.

ಊರ ಕೆರೆಯಲ್ಲೊಂದು ತಿಟ್ಟು

ಹೂಳೆತ್ತುವ ಕೆರೆಗಳಲ್ಲಿ ಮಣ್ಣನ್ನೆಲ್ಲ ಹೊರಸಾಗಿಸದೆ ನಡುವೆ ಒಂದು ದಿಬ್ಬ ಬಿಡಬಹುದು. ದಡದಿಂದ ದೂರವಿದ್ದು, ಬೇಸಿಗೆಯಲ್ಲೂ ಸುತ್ತ ನೀರು ನಿಲ್ಲುವಂತಿರಬೇಕು. ಒಣಗಿದರೆ ನಾಯಿ ನಡೆದೇ ಹೋಗುತ್ತದೆ. ಅಂಚನ್ನು ಇಳಿಜಾರು ಮಾಡಿ ಬುಡಕ್ಕೆ ಕಲ್ಲು ಜೋಡಿಸದಿದ್ದರೆ ಮೊದಲ ಕೋಡಿಗೇ ಅರ್ಧ ಕರಗುತ್ತದೆ. ಕರಿಜಾಲಿ ನೆಟ್ಟರೆ ಸಾಕು. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಕೆರೆಯಲ್ಲಿ ಹಕ್ಕಿಗಳು ನೀರೊಳಗಿನ ಜಾಲಿ ಮರಗಳ ಮೇಲೆಯೇ ಗೂಡು ಕಟ್ಟುತ್ತವೆ. 2024ರಲ್ಲಿ ರಾಮ್ಸಾರ್ ಪಟ್ಟಿ ಸೇರಿದ ಆ ಕೆರೆ ನಮಗೆ ರಂಗನತಿಟ್ಟಿಗಿಂತ ಹತ್ತಿರ; ಖರ್ಚಿಗೆ ಹಿಂಜರಿಯುವವರು ಮೊದಲು ಅಲ್ಲಿಗೆ ಹೋಗಬಹುದು. ಆದರೆ ಕುಡಿಯುವ ನೀರಿನ ಕೆರೆಯಲ್ಲಿ ಈ ಪ್ರಯೋಗ ಸಲ್ಲದು. ಗೂಡುಗಳ ಕೆಳಗೆ ಬೀಳುವ ಹಿಕ್ಕೆ ನೀರು ಕೆಡಿಸುತ್ತದೆ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಊರ ಮರಗಳ ಕೆಳಗೆ ಸಿಗುವ ಅದೇ ಹಿಕ್ಕೆಯನ್ನು ರೈತರು ಹೊಲಕ್ಕೆ ಗೊಬ್ಬರವಾಗಿ ಬಳಸಿದ್ದಾರೆ.

ನಮ್ಮ ಹಿರಿಯರ ಮನೆಯ ಅಟ್ಟದಲ್ಲಿ ಹಳೆಯ ಫೋರೇಟ್ ಇನ್ನೂ ಒಂದಿಷ್ಟು ಉಳಿದಿತ್ತು. ಕಾಲುವೆಗೆ ಸುರಿಯಬೇಕೆಂದಿದ್ದರು, ಬೇಡವೆಂದೆ. ಇಂಥ ಔಷಧಿಯನ್ನು ನೀರಿಗೆ ಸುರಿಯಬಾರದು, ಹೊಲದಲ್ಲಿ ಹೂಳಬಾರದು, ಸುಡಬಾರದು. ಮಕ್ಕಳ ಕೈಗೆ ಸಿಗದಂತೆ ಮೂಲ ಚೀಲದಲ್ಲಿಯೇ ಕಟ್ಟಿಟ್ಟು, ಹತ್ತಿರದ ರೈತ ಸಂಪರ್ಕ ಕೇಂದ್ರದಲ್ಲಿ ತಿಳಿಸಿ ಅವರು ಹೇಳಿದಂತೆ ಮಾಡಬೇಕು.